ನಮ್ಮವರು ಅಂದರೆ

ಚಿಪ್ಪನ ಮೇಲೆ ನನಗೆ ಬಂದಷ್ಟು ಸಿಟ್ಟು ನನ್ನ ನಾದಿನಿಯ ಮೇಲೂ ಬಂದಿಲ್ಲ. ನಾದಿನಿಯನ್ನು ಬಲ್ಲವರಿಗೆ ಇದು ಸಣ್ಣ ಮಾತಲ್ಲ ಎಂದು ಗೊತ್ತು. ಆದರೆ ಬೇರೆ ಯಾರಾದರೂ ಅವನನ್ನು ಬೈದರೆ ನಾನು ಕೇಳಿಕೊಂಡು ಕೂರುವವಳಲ್ಲ. ಬೆಳ್ಳಿಗುಡ್ಡದ ಕಂಟ್ರೋಲ್ ರೂಮಿನಲ್ಲಿ ದಿನಾ ಅವನ ಜೊತೆ ಏಗುವವಳು ಈ ಗಿರಿಜಾ. ಬೈಯುವ ಹಕ್ಕೂ ನನ್ನದೇ.

ಬೆಳ್ಳಿಗುಡ್ಡವೆಂದರೆ ಚಂದ್ರನ ದಕ್ಷಿಣ ತುದಿಯಲ್ಲಿ ನೆಲದೊಳಗೆ ಕೊರೆದು ಕಟ್ಟಿದ ನಮ್ಮ ಊರು. ಬಿಸಿಲು ಎಂದೂ ಬೀಳದ ಕಮರಿಗಳಿಂದ ಮಂಜುಗಡ್ಡೆ ಅಗೆಯಲು ಗದಗ, ಕೊಪ್ಪಳ, ಹಾವೇರಿ ಕಡೆಯ ಮಂದಿ ಇಲ್ಲಿಗೆ ಬಂದೆವು. ಇಲ್ಲಿ ಗಾಳಿ, ನೀರು, ಬಾಗಿಲು, ಒಲೆ, ದೀಪ ಎಲ್ಲವನ್ನೂ ನೋಡಿಕೊಳ್ಳುವುದು ಯಂತ್ರ. ಮೊದಲಿಗೆ ಇದ್ದದ್ದು ಬಹಳ ಬುದ್ಧಿವಂತ ಯಂತ್ರ. ನಾವು ಬಾಯಿ ಬಿಡುವ ಮೊದಲೇ ನಮ್ಮ ಮನಸ್ಸನ್ನು ಊಹಿಸುತ್ತಿತ್ತು. ಒಮ್ಮೆ ಯಾರೋ ಕೆಮ್ಮಿದರು. ಪಾಪ, ಚಳಿ ಆಗಿರಬೇಕು ಎಂದುಕೊಂಡು ಗಾಳಿಯ ಕಿಂಡಿ ಮುಚ್ಚಿತು. ಉಸಿರು ಕಟ್ಟಿದ ಮಂದಿ ಬಾಗಿಲು ಬಡಿದರೆ, ಹೊತ್ತು ಹೋಗದೆ ತಾಳ ಹಾಕುತ್ತಿದ್ದಾರೆ ಎಂದುಕೊಂಡಿತು. ಜೀವ ಉಳಿದದ್ದು ಪುಣ್ಯ. ಆ ಮಹಾಶಯನನ್ನು ಕಿತ್ತು ಭೂಮಿಗೆ ವಾಪಸ್ ಕಳಿಸಿ, ಹಳೆಯ ಕಾಲದ ಶೆಲ್ ಒಂದನ್ನು ತಂದು ಕೂರಿಸಿದರು. ಹುಕುಂ ಕೇಳುವುದು, ಹೇಳಿದಷ್ಟನ್ನೇ ಮಾಡುವುದು, ಮುಗಿದ ಮೇಲೆ ‘ಆಯಿತು’ ಎನ್ನುವುದು, ಇಷ್ಟೇ ಅದರ ಕೆಲಸ. ಶೆಲ್ ಅಂದರೆ ಚಿಪ್ಪು. ನಮ್ಮ ಮಂದಿಯ ಬಾಯಲ್ಲಿ ಅದು ಚಿಪ್ಪ ಆಯಿತು.

ಕೀಲಿಮಣೆಗಳನ್ನು ಚಂದ್ರನ ದೂಳು ಮೊದಲ ವರ್ಷವೇ ತಿಂದುಹಾಕಿತ್ತು. ಹಾಗಾಗಿ ಚಿಪ್ಪನಿಗೆ ಮಾತು ಕಲಿಸಬೇಕಾಯಿತು. ಕಲಿಸಿದವಳು ಮಹಾದೇವಿ. ನನ್ನ ಪಕ್ಕದ ಮನೆಯವಳು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು, ಊರಿನ ಹುಕುಂಗಳನ್ನೆಲ್ಲ ಬರೆಯುವ ಎಂಜಿನಿಯರು. ಬರೆಯುವುದು ಎಂದರೆ ಇಲ್ಲಿ ಬಾಯಲ್ಲಿ ಹೇಳಿ ಚಿಪ್ಪನ ನೆನಪಿನಲ್ಲಿ ಇಡುವುದು. ನಾನು ಸುಲಭಕ್ಕೆ ಯಾರನ್ನೂ ಹೊಗಳುವವಳಲ್ಲ. ಆದರೆ ಆ ಹುಡುಗಿಯ ತಲೆಯ ಬಗ್ಗೆ ಕೇಳಿದರೆ ಕೈ ಮುಗಿಯುತ್ತೇನೆ.

ಅವಳು ತನ್ನ ಅತ್ತೆ ಈರವ್ವನಿಗೆ ಚಿಪ್ಪನ ಸ್ವಭಾವ ತಿಳಿಸಿಕೊಟ್ಟಿದ್ದನ್ನು ನಾನು ಅವರ ಅಡುಗೆಮನೆಯಲ್ಲಿ ಕುಳಿತು ಕೇಳಿದ್ದೇನೆ.

“ಅತ್ತಿ, ನಾವು ಇಡೂ ಹೆಸರು ಅಂದ್ರ ಒಂದು ಡಬ್ಬಿ ಇದ್ದಂಗ. ನೀವು ಡಬ್ಬಿ ಹೆಸರು ಹೇಳ್ತೀರಿ. ಚಿಪ್ಪ ಮೊದಲ ಮುಚ್ಚಳ ತಗದು, ಒಳಗ ಏನೈತಿ ಅದನ್ನ ತಗೊಂತಾನ. ಆಮ್ಯಾಲ ಕೆಲಸ ಮಾಡ್ತಾನ.”

“ನಮ್ಮ ಮನ್ಯಾಗ ಚಹಾಪುಡಿ ಡಬ್ಬ್ಯಾಗ ಸಾಸಿವಿ ಇರತೈತೆಲ್ಲವಾ,” ಎಂದಳು ಈರವ್ವ.

“ಹಂಗಿದ್ರ ಸಾಸಿವಿ ಚಹಾ ಮಾಡ್ತಾನ.”

“ಡಬ್ಬಿ ಖಾಲಿ ಇದ್ರ?”

“ಬರೇ ನೀರು ಕಾಸಿ, ‘ಆಯಿತು’ ಅಂತಾನ. ಖಾಲಿ ಐತಿ ಅಂತ ಹೇಳಂಗಿಲ್ಲ. ಡಬ್ಬ್ಯಾಗ ಇದ್ದದ್ದಕ್ಕ ನಾವು ಬೆಲಿ ಅಂತೀವಿ, ಖಾಲಿನೂ ಅವಗ ಒಂದು ಬೆಲೀನs.”

“ಅಂದ್ರ ಕೈಗೆ ಚಿಪ್ಪು ಕೊಡ್ತಾನ ಅನ್ನು. ಹೆಸರು ಸರಿಯಾಗೇ ಇಟ್ಟಾರ,” ಎಂದು ಈರವ್ವ ನಕ್ಕಳು.

ಈರವ್ವನಿಗೆ ಇನ್ನೊಂದು ಪೇಚು ಇತ್ತು. ಶೇಂಗಾ ಹಿಂಡಿ ತಾ ಎಂದು ಚಟ್ನಿಪುಡಿ ಕೇಳಿದರೆ, ಅಡುಗೆಮನೆಯ ಯಂತ್ರದ ಕೈ ಒಂದು ಹಿಡಿ ಶೇಂಗಾ ತಂದಿಡುತ್ತಿತ್ತು. ‘ಹಿಂಡಿ ಎಂಬುದು ಇಲ್ಲ’ ಎಂದು ಚಿಪ್ಪ ಹೇಳುತ್ತಿದ್ದ. ಮಾತಿನ ನಡುವೆ ತೆರಪು ಬಂದರೆ ಅವನಿಗೆ ಅದು ಎರಡು ಪದಾರ್ಥ. ಇದಕ್ಕೆ ಮಹಾದೇವಿ ಚಪ್ಪಾಳೆಯ ಉಪಾಯ ಮಾಡಿದ್ದಳು. ಮುಂದೊಂದು ಚಪ್ಪಾಳೆ, ಹಿಂದೊಂದು ಚಪ್ಪಾಳೆ ತಟ್ಟಿದರೆ ನಡುವೆ ಇದ್ದದ್ದೆಲ್ಲ ಒಂದೇ ಗಂಟು. ಹೇಗೆ ಹೇಳಿದರೋ ಹಾಗೆಯೇ ಅವನು ಎತ್ತಿಕೊಳ್ಳುತ್ತಾನೆ. ಅವತ್ತಿನಿಂದ ಈರವ್ವನ ಅಡುಗೆಮನೆ ಭಜನೆಯ ಮನೆಯಾಯಿತು.

ಎಲ್ಲರ ಮನೆಯಲ್ಲೂ ಇದ್ದ ಒಂದು ಡಬ್ಬಿಯ ಹೆಸರು ‘ನಮ್ಮವರು’. ಚಂದ್ರನಿಗೆ ಬಂದರೂ ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದಂತೆ. ನಂಬಿಕೆ ಎನ್ನುವುದಕ್ಕಿಂತ ಈಗ ಅದೊಂದು ಚೇಷ್ಟೆ, ಒಂದು ನಾಚಿಕೆ. ಮುಖ್ಯವಾಗಿ ಮನೆಯಲ್ಲಿ ಈರವ್ವನಂಥ ಅತ್ತೆ ಇದ್ದರೆ. ಮಹಾದೇವಿ “ಚಿಪ್ಪ, ನಮ್ಮವರಿಗೆ ಚಹಾ” ಎನ್ನುತ್ತಿದ್ದಳು. ಅವಳ ಗಂಡ ಸಂಗನಬಸಪ್ಪ ಊರಿಗೆ ಬಂದ ದಿನ ತಾನೇ ಆ ಡಬ್ಬಿಯಲ್ಲಿ ತನ್ನ ಹೆಸರು ತುಂಬಿದ್ದ. ಅದೇ ಮಾತನ್ನು ಪಕ್ಕದ ಮನೆಯಲ್ಲಿ ಹೇಳಿದರೆ ಚಹಾ ಬೇರೆ ಗಂಡಸಿಗೆ ಹೋಗುತ್ತದೆ. ಹೆಸರು ಒಂದೇ, ಯಾರ ಮನೆ ಎಂಬುದರ ಮೇಲೆ ಒಳಗಿನ ಬೆಲೆ.

ನನ್ನ ಮನೆಯಲ್ಲೂ ಆ ಡಬ್ಬಿ ಇತ್ತು. ನಮ್ಮವರು ಕಮರಿಯಲ್ಲಿ ತೀರಿಕೊಂಡ ಮೇಲೆ ಚಿಪ್ಪ ಅದನ್ನು ಖಾಲಿ ಮಾಡಿದ. ಇಲ್ಲದವರಿಗೆ ಗಾಳಿ, ನೀರು ಕಳಿಸಬಾರದಲ್ಲ, ನಿಯಮ. ಆಮೇಲೂ ಒಂದೊಂದು ಸಂಜೆ ರೂಢಿಯ ಮೇಲೆ ಬಾಯಿ ತಪ್ಪಿ ಕೇಳಿಬಿಡುತ್ತೇನೆ: “ಚಿಪ್ಪ, ನಮ್ಮವರು ಎಲ್ಲದಾರ?” ಅವನು ಏನೂ ಹೇಳುವುದಿಲ್ಲ. ಸ್ವಲ್ಪ ಬಿಟ್ಟು ‘ಆಯಿತು’ ಎನ್ನುತ್ತಾನೆ. ಅವತ್ತು ನನಗೆ ಊಟ ಸೇರುವುದಿಲ್ಲ.

ನಮ್ಮವರು ಹೋದ ಮೇಲೆ ಊರಿಗೆ ಒಂದು ಬಂಡಿ ತರಿಸಿದರು. ಆರು ಗಾಲಿಯದು, ಸಾರಥಿ ಇಲ್ಲದ್ದು. ಕಮರಿಯಲ್ಲಿ ಯಾರಾದರೂ ಸಿಕ್ಕಿಬಿದ್ದರೆ, ಅವರ ಉಡುಪಿನಿಂದ ಬರುವ ಹೆಸರಿನ ಸಂಕೇತ ಹಿಡಿದು ಹೋಗಿ, ಎತ್ತಿಕೊಂಡು ಬರುತ್ತದೆ. ಬಂಡಿಗಾಗಿ ಪ್ರತಿ ಮನೆಯೂ ತನ್ನದೊಂದು ತುರ್ತು ಹುಕುಂ ಬರೆದಿಡಬೇಕು. ಆ ಹುಕುಂ ಯಾರು ಬೇಕಾದರೂ ಓಡಿಸಬಹುದು. ಬದಲಾಯಿಸುವುದಕ್ಕೆ ಮಾತ್ರ ಬರೆದವರ ದನಿಯೇ ಬೇಕು. ತುರ್ತು ಗಂಟೆ ಹೊಡೆದ ಮೇಲೆ ಬಂಡಿ ಕಂಟ್ರೋಲ್ ರೂಮಿನ ಮಾತು ಬಿಟ್ಟು ಬೇರೆ ಯಾವ ಮನೆಯ ಮಾತೂ ಕೇಳುವುದಿಲ್ಲ. ಹೊಸ ಹುಕುಂ ಕೊಡಬೇಕೆಂದರೆ ಭೂಮಿಯ ಒಪ್ಪಿಗೆ ಆಗಬೇಕು, ಅದು ಬರುವ ಹೊತ್ತಿಗೆ ಊಟ ಹಳಸಿರುತ್ತದೆ.

ಮಹಾದೇವಿ ತನ್ನ ಮನೆಯಲ್ಲಿ ಕೂತು ತನ್ನ ಹುಕುಂ ಬರೆದಿದ್ದಳು. ಎರಡೇ ಸಾಲು. ‘ಬಂಡಿ, ಬಾಗಿಲಿಗೆ ಬಾ. ನಮ್ಮವರು ಇರುವಲ್ಲಿಗೆ ಹೋಗು.’ ಮನೆಯಿಂದ ಓಡಿಸಿ ನೋಡಿದ್ದಳು. ಬಂಡಿ ಸರಿಯಾಗಿ ಸಂಗನಬಸಪ್ಪನ ಬೆನ್ನ ಹಿಂದೆ ಹೋಗಿ ನಿಂತಿತ್ತು. ಅವನು ಅದರ ಮೇಲೆ ಕೂತು ಮದುಮಗನ ಹಾಗೆ ಮೆರೆದುಕೊಂಡು ಬಂದಿದ್ದ.

ಆ ದಿನ ಸಂಗನಬಸಪ್ಪ ಕೊರೆಯುವ ಯಂತ್ರದ ಹಲ್ಲು ಬದಲಾಯಿಸಲು ಕಮರಿಗೆ ಇಳಿದಿದ್ದ. ಮಧ್ಯಾಹ್ನ ಕಮರಿಯ ಅಂಚು ಕುಸಿಯಿತು. ರೇಡಿಯೋ ಸತ್ತುಹೋಯಿತು. ಉಡುಪಿನ ಸಂಕೇತ ಮಾತ್ರ ನನ್ನ ಪರದೆಯ ಮೇಲೆ ಮಿಣುಕುತ್ತಿತ್ತು, ಅಲುಗಾಡದೆ ಒಂದೇ ಕಡೆ. ಬೆನ್ನಿನ ಸಿಲಿಂಡರಿನಲ್ಲಿದ್ದ ಗಾಳಿ ಸಂಜೆಯ ತನಕ ಬರುವಂತಿರಲಿಲ್ಲ. ಕಾಲ್ನಡಿಗೆಯಲ್ಲಿ ಮಂದಿ ಹೊರಟರು, ಆದರೆ ಅವರು ಮುಟ್ಟುವುದು ಸಂಜೆ ದಾಟಿದ ಮೇಲೆ. ಬಂಡಿ ಹೋದರೆ ಬದುಕುತ್ತಾನೆ, ಇಲ್ಲದಿದ್ದರೆ ಇಲ್ಲ. ಇದೇ ಪರದೆಯ ಮೇಲೆ ಇಂಥದೇ ಒಂದು ಚುಕ್ಕಿಯನ್ನು ನಾನು ಹಿಂದೊಮ್ಮೆ ನೋಡಿದ್ದೆ, ಅದು ಆರುವ ತನಕ.

ತುರ್ತು ಗಂಟೆ ಹೊಡೆದು, “ಚಿಪ್ಪ, ಮಹಾದೇವಿ ಬರೆದ ತುರ್ತು ಹುಕುಂ ಓಡಿಸು,” ಎಂದೆ.

ಬಂಡಿ ಕದಲಿತು. ಬಾಗಿಲಿಗೆ ಬಂತು. ಅಲ್ಲಿ ನಿಂತು, ಹಿಂದೆ ತಿರುಗಿ, ತನ್ನ ಕೊಟ್ಟಿಗೆಗೆ ವಾಪಸ್ ಹೋಗಿ ನಿಂತುಕೊಂಡಿತು.

“ಆಯಿತು,” ಎಂದ ಚಿಪ್ಪ.

ನಾನು ಮತ್ತೆ ಹೇಳಿದೆ. ಮತ್ತೆ ಬಾಗಿಲ ತನಕ ಬಂತು, ಮತ್ತೆ ಕೊಟ್ಟಿಗೆಗೆ ಹೋಯಿತು. ಮತ್ತೆ ‘ಆಯಿತು’. ಆಗ ನಾನು ಆಡಿದ ಮಾತು ಅಚ್ಚಿನಲ್ಲಿ ಬರುವಂಥದಲ್ಲ. ಚಿಪ್ಪನ ಹೆಸರು ಹಿಡಿಯದೆ ಆಡಿದ್ದರಿಂದ ಅವನು ಅದಕ್ಕೆ ಕಿವಿಗೊಡಲಿಲ್ಲ.

ಮಹಾದೇವಿ ಓಡಿ ಬಂದಳು. ಹಿಂದೆಯೇ ಗೋಡೆ ಹಿಡಿದುಕೊಂಡು ಈರವ್ವ. ನಾನು ಪರದೆ ತೋರಿಸಿದೆ.

“ಬಂಡಿ ಕೆಟ್ಟೈತಿ, ಮಾದೇವಿ. ಇಲ್ಲಾ ನಿನ್ನ ಚಿಪ್ಪಗ ಹುಚ್ಚು ಹಿಡದೈತಿ. ಹೋಗು ಅಂದ್ರ ಮನಿಗೆ ಬರಾಕತ್ತೈತಿ, ಮ್ಯಾಲ ‘ಆಯಿತು’ ಅಂತ ಬ್ಯಾರೆ ಹೇಳ್ತಾನ.”

ಅವಳ ಮುಖದಲ್ಲಿ ರಕ್ತವಿರಲಿಲ್ಲ. ಆದರೆ ಅವಳು ಅಳಲಿಲ್ಲ, ಚಿಪ್ಪನನ್ನು ಬೈಯಲೂ ಇಲ್ಲ. ನನ್ನ ಜಾಗದಲ್ಲಿ ಕೂತು ಪರದೆಯ ಚುಕ್ಕಿಯನ್ನು ಒಮ್ಮೆ ನೋಡಿ, ಕಣ್ಣು ಮುಚ್ಚಿದಳು. ಗಂಡ ಅಲ್ಲಿ ಬಿದ್ದಿರುವಾಗ ಹಾಗೆ ಕೂತು ಯೋಚಿಸುವುದಕ್ಕೆ ಎಂಥ ಎದೆ ಬೇಕು ಎಂಬುದು ನನಗೆ ಗೊತ್ತು. ನನ್ನ ಸರದಿ ಬಂದಾಗ ನಾನು ಕುರ್ಚಿ ಎತ್ತಿ ಒಗೆದಿದ್ದೆ.

“ಅವನು ಸುಳ್ಳು ಹೇಳಂಗಿಲ್ಲ, ಅಕ್ಕಾ. ನಾವು ಹೇಳಿದ್ದು ಅವಗ ಹೆಂಗ ಕೇಳೈತಿ ಅಷ್ಟ ನೋಡೂಣು,” ಎಂದಳು. ಆಮೇಲೆ: “ಚಿಪ್ಪ, ಹೇಳಿ ಮಾಡು.”

ಹೇಳಿ ಮಾಡು ಎಂದರೆ, ಡಬ್ಬಿಗಳನ್ನೆಲ್ಲ ತೆಗೆದು ಒಳಗಿನ ಬೆಲೆ ಹಾಕಿದ ಮೇಲೆ ಸಾಲು ಹೇಗಾಯಿತು ಎಂಬುದನ್ನು ಅವನು ಮೊದಲು ಗಟ್ಟಿಯಾಗಿ ಹೇಳಬೇಕು, ನಂತರ ಮಾಡಬೇಕು. ನಾನು ಹುಕುಂ ಓಡಿಸಿದೆ.

“ಬಂಡಿ, ಬಾಗಿಲಿಗೆ ಬಾ,” ಎಂದ ಚಿಪ್ಪ. ಬಂಡಿ ಬಂತು. “ಇರುವಲ್ಲಿಗೆ ಹೋಗು,” ಎಂದ. ಬಂಡಿ ಹೋಯಿತು, ಕೊಟ್ಟಿಗೆಗೆ.

ಯಾರು ಇರುವಲ್ಲಿಗೆ? ಹೆಸರಿನ ಜಾಗದಲ್ಲಿ ಏನೂ ಇರಲಿಲ್ಲ. ಎಲ್ಲಿಗೆ ಎಂದು ಹೇಳದೆ ಬಂಡಿಗೆ ಹೋಗು ಎಂದರೆ ಅದು ತನ್ನ ಮನೆಗೆ ಹೋಗುತ್ತದೆ. ಅದನ್ನು ಕಟ್ಟಿದ್ದೇ ಹಾಗೆ, ಕತ್ತಲಲ್ಲಿ ದಿಕ್ಕುಗೆಟ್ಟು ಅಲೆಯಬಾರದು ಎಂದು. ಒಳ್ಳೆಯ ನಿಯಮವೇ.

ಮಹಾದೇವಿ ಹಣೆ ಹಿಡಿದುಕೊಂಡಳು. “ಬರಿ ಉಡಿಲೆ ಕಳಿಸೀನಕ್ಕಾ.”

ಇದು ನನಗೆ ಗೊತ್ತಿದ್ದ ಮಾತು. ಒಂದು ಮನೆಯ ಡಬ್ಬಿ ಆ ಮನೆಯಲ್ಲೇ ಉಳಿಯುತ್ತದೆ. ಹುಕುಂ ಬೇರೆ ಕಡೆ ಹೋಗಿ ಓಡಬೇಕಾದರೆ ಡಬ್ಬಿಯನ್ನೂ ಜೊತೆಗೆ ಕಟ್ಟಿ ಕಳಿಸಬೇಕು. ಹಾಗೆ ಕಳಿಸುವುದಕ್ಕೆ ಮಹಾದೇವಿ ಚಿಪ್ಪನಿಗೆ ಕಲಿಸಿದ್ದ ಮಾತು ‘ಉಡಿ ತುಂಬು’. ಗಂಡನ ಮನೆಗೆ ಹೊರಟ ಮಗಳಿಗೆ ತವರಿನವರು ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಕಟ್ಟಿದ್ದಷ್ಟೇ ಅವಳ ಜೊತೆ ಹೋಗುತ್ತದಲ್ಲ, ಹಾಗೆ. ಊರಿನವರಿಗೆಲ್ಲ ಉಡಿ ತುಂಬುವುದನ್ನು ಕಲಿಸಿದವಳು ತನ್ನ ಹುಕುಮಿಗೆ ಮಾತ್ರ ಮರೆತಿದ್ದಳು. ಮನೆಯಿಂದ ಓಡಿಸಿದಾಗ ಡಬ್ಬಿ ಅಲ್ಲೇ ಇತ್ತು, ಗೊತ್ತಾಗಲಿಲ್ಲ.

“ಹಂಗಾರ ಇಲ್ಲಿ ಚಿಪ್ಪ ಯಾರ ಡಬ್ಬಿ ನೋಡಿದ?” ಎಂದು ಕೇಳಿದಳು ಈರವ್ವ.

ಮಹಾದೇವಿ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. ಆಗ ನನಗೆ ಹೊಳೆಯಿತು. ಕಂಟ್ರೋಲ್ ರೂಮಿನಲ್ಲಿ ನಡೆಯುವುದು ಪಾಳಿಯಲ್ಲಿ ಇದ್ದವರ ಮನೆಯ ಡಬ್ಬಿ, ಓಡಿಸಿದವಳು ನಾನು. ‘ನಮ್ಮವರು’ ಎಂದರೆ ಅವನು ತೆಗೆದಿದ್ದು ನನ್ನ ಡಬ್ಬಿ. ನನ್ನ ಖಾಲಿ ಡಬ್ಬಿಗಾಗಿ ಬಂಡಿ ಬಾಗಿಲ ತನಕ ಬಂದು ವಾಪಸ್ ಹೋಗುತ್ತಿತ್ತು. ನನ್ನ ಮನೆಯ ಶೂನ್ಯ ಇನ್ನೊಬ್ಬರ ಮನೆಯನ್ನೂ ನುಂಗುವುದಕ್ಕೆ ಹೊರಟಿತ್ತು.

“ನಿನ್ನ ದನಿಲೆ ತುಂಬು, ಮಾದೇವಿ. ಜಲ್ದಿ,” ಎಂದೆ.

ಅವಳು ಮುಂದೆ ಬಾಗಿದಳು. “ಚಿಪ್ಪ, ನಮ್ಮವರು ಅಂದ್ರ, ಸಂಗನ... ಬಸಪ್ಪ.”

ಆ ಹೆಸರು ಅವಳ ಬಾಯಿಂದ ಮದುವೆಯ ದಿನ ಒಮ್ಮೆ ಬಂದಿತ್ತು, ಅಷ್ಟೇ. ನಾಲಗೆಗೆ ರೂಢಿಯಿಲ್ಲ. ಹೆಸರು ನಡುವೆ ಮುರಿಯಿತು.

“ಸಂಗನ ಎಂಬವರು ಇಲ್ಲ,” ಎಂದ ಚಿಪ್ಪ. “ಬಸಪ್ಪ ಊಟದ ಮನೆಯಲ್ಲಿದ್ದಾರೆ.”

ನಮ್ಮ ಊರಿಗೆಲ್ಲ ಅಡುಗೆ ಮಾಡುವವನು ಬಸಪ್ಪ. ಬಂಡಿ ಅವನನ್ನು ಎತ್ತಿಕೊಂಡು ಬರಲು ಊಟದ ಮನೆಗೆ ಹೊರಡುವ ಮೊದಲು ಮಹಾದೇವಿ “ಚಿಪ್ಪ, ಬ್ಯಾಡ” ಎಂದಳು. ಚಪ್ಪಾಳೆ ತಟ್ಟಿ, ಹೆಸರು ಹೇಳಿ, ಚಪ್ಪಾಳೆ ತಟ್ಟಿದಳು. ಈ ಸಲವೂ ನಡುವೆ ದನಿ ಬಿಕ್ಕಿತು.

“ಸಂಗನ ಬಸಪ್ಪ ಎಂಬ ಹೆಸರಿನ ಉಡುಪು ಇಲ್ಲ,” ಎಂದ ಚಿಪ್ಪ. ಬಿಕ್ಕಿದ ತೆರಪನ್ನೂ ಸೇರಿಸಿಯೇ ಗಂಟು ಕಟ್ಟಿದ್ದ, ಪ್ರಾಮಾಣಿಕ ಮಹಾರಾಯ. ಉಡುಪಿನ ಹೆಸರಿನಲ್ಲಿ ತೆರಪಿಲ್ಲ.

ಮಹಾದೇವಿ ನನ್ನ ಕಡೆ ತಿರುಗಿದಳು. “ಬರವಲ್ದಕ್ಕಾ. ಬಾಯಿಗೆ ಬರವಲ್ದು.” ಪರದೆಯ ಚುಕ್ಕಿಯ ಪಕ್ಕ ಗಾಳಿಯ ಗೆರೆ ಕೆಂಪಗಾಗಿತ್ತು.

ಆಗ ಈರವ್ವ ಸೊಸೆಯ ಹೆಗಲ ಮೇಲೆ ಕೈಯಿಟ್ಟಳು. ಮಗ ಸಾಯುತ್ತಿದ್ದಾನೆ, ಆದರೂ ಆ ಮುದುಕಿಯ ದನಿ ಮದುವೆಯ ಮನೆಯಲ್ಲಿ ಇದ್ದಂತೆಯೇ ಇತ್ತು.

“ಹಂಗ ಹೇಳಬ್ಯಾಡ ಮಗಳ. ಒಡಪು ಹಾಕಿ ಹೇಳು. ಅವತ್ತ ಹೊಸ್ತಿಲದಾಗ ನಿನ್ನ ತಡದು ಹೆಸರು ಹೇಳು ಅಂದಾಗ, ಒಂದs ಉಸಿರಿನ್ಯಾಗ ಹೇಳಿ ಒಳಗ ಬಂದಿದ್ದೆಲ್ಲ.”

ನಮ್ಮ ಕಡೆ ಒಡಪು ಎಂದರೆ ಗಂಡನ ಹೆಸರು ಹೇಳಿಸಲೆಂದೇ ಇರುವ ಪದ. ಬರಿ ಹೆಸರು ಹೇಳಲು ಬಾಯಿ ಬರುವುದಿಲ್ಲ; ಆದರೆ ಪ್ರಾಸ ಹಿಡಿದು ಹೊರಟರೆ ಕೊನೆಗೆ ಹೆಸರು ತಾನೇ ಬಂದು ಕೂರುತ್ತದೆ. ಮಹಾದೇವಿ ಕಣ್ಣೊರೆಸಿಕೊಂಡಳು. ಬೆರಳಿನಿಂದ ಮೇಜಿನ ಮೇಲೆ ಲಯ ಹಾಕಿದಳು. ಆ ಹೊತ್ತಿನಲ್ಲಿ, ಆ ಸಂಕಟದಲ್ಲಿ, ನಿಂತ ಕಾಲಲ್ಲಿ ಕಟ್ಟಿದ ಪದ ಅದು. ನಾನು ಸಾಯುವ ತನಕ ಮರೆಯುವುದಿಲ್ಲ.

“ನೆಳ್ಳಿನ ಕಮರ್ಯಾಗ ನೀರ ತರಾಕ ಹ್ವಾದವರು,
ಹೊಳ್ಳಿ ಬರೂ ಹಾದ್ಯಾಗ ಉಸಿರ ಹಿಡದು ಕುಂತವರು,
ಕೈಗೆ ಚಿಪ್ಪು ಕೊಡಬ್ಯಾಡ, ಮಾತ ಕೇಳೋ ಚಿಪ್ಪ,
ನಮ್ಮವರು ಅಂದ್ರ—”

ಈರವ್ವ ಒಂದು ಚಪ್ಪಾಳೆ ತಟ್ಟಿದಳು.

“ಸಂಗನಬಸಪ್ಪ.”

ನಾನು ಒಂದು ಚಪ್ಪಾಳೆ ತಟ್ಟಿದೆ.

“ಆಯಿತು,” ಎಂದ ಚಿಪ್ಪ.

“ಚಿಪ್ಪ, ಉಡಿ ತುಂಬು. ಹುಕುಂ ಓಡಿಸು,” ಎಂದಳು ಮಹಾದೇವಿ.

“ಬಂಡಿ, ಬಾಗಿಲಿಗೆ ಬಾ,” ಎಂದ ಚಿಪ್ಪ. ಬಂಡಿ ಬಂತು. “ಸಂಗನಬಸಪ್ಪ ಇರುವಲ್ಲಿಗೆ ಹೋಗು.”

ಬಂಡಿ ಬಾಗಿಲು ದಾಟಿತು. ಕಮರಿಯ ದಾರಿ ಹಿಡಿಯಿತು. ನಡೆದು ಹೊರಟಿದ್ದ ಮಂದಿಯನ್ನು ಹಿಂದೆ ಹಾಕಿ ಕತ್ತಲೊಳಗೆ ಇಳಿಯಿತು. ನಾವು ಪರದೆಯ ಮೇಲೆ ಎರಡು ಚುಕ್ಕಿಗಳನ್ನು ನೋಡುತ್ತ ಕೂತೆವು, ಅವೆರಡೂ ಒಂದಾಗುವ ತನಕ.

ಅವನ ಕಾಲು ಎರಡು ಕಡೆ ಮುರಿದಿತ್ತು. ಸಿಲಿಂಡರಿನಲ್ಲಿ ಗಾಳಿ ತಳ ಮುಟ್ಟಿತ್ತು. ಉಡುಪು ಬಿಚ್ಚಿದಾಗ ಅವನು ಮೊದಲು ಕೇಳಿದ್ದು ಕೊರೆಯುವ ಯಂತ್ರದ ಹಲ್ಲು ಏನಾಯಿತು ಎಂದು. ಈರವ್ವ ಅವನ ತಲೆಗೆ ಒಂದು ಮೊಟಕಿ, ಆಮೇಲೆ ಅತ್ತಳು.

“ಹೆಸರು ಹೇಳಿದ್ರ ಆಯುಷ್ಯ ಕಡಿಮಿ ಆಕ್ಕೈತಿ ಅಂತಿದ್ವಿ,” ಎಂದಳು ನನಗೆ. “ನೋಡವಾ ಗಿರಿಜಾ, ಇವತ್ತ ಹೆಸರs ಆಯುಷ್ಯ ಆತು.”

ಆ ಗಡಿಬಿಡಿಯಲ್ಲಿ ‘ಹೇಳಿ ಮಾಡು’ ಎಂದದ್ದನ್ನು ಯಾರೂ ತೆಗೆಯಲಿಲ್ಲ. ಮರುದಿನ ಮಹಾದೇವಿ ಮನೆಯಲ್ಲಿ “ಚಿಪ್ಪ, ನಮ್ಮವರಿಗೆ ಚಹಾ” ಎಂದರೆ, ಚಿಪ್ಪ ಊರಿಗೆಲ್ಲ ಕೇಳುವಂತೆ “ಸಂಗನಬಸಪ್ಪನಿಗೆ ಚಹಾ” ಎಂದ. ಹಾಸಿಗೆಯಲ್ಲಿ ಮಲಗಿದ್ದವನು ಕಿವಿ ನಿಮಿರಿಸಿದ.

“ನೀ ಒಮ್ಮಿ ಹೇಳು. ಚಿಪ್ಪ ಹೇಳಿದ್ರ ನನಗೇನು ಬಂತು?”

“ಒಮ್ಮಿ ಹೇಳೀನಲ್ರಿ. ನೀವು ಇದ್ದಿಲ್ಲ, ನಿಮ್ಮ ತಪ್ಪು,” ಎಂದಳು ಅವಳು.

‘ಹೇಳಿ ಮಾಡು’ ಅವಳು ಇವತ್ತಿಗೂ ತೆಗೆದಿಲ್ಲ.

ಆದರೆ ತುರ್ತು ಹುಕುಂಗಳನ್ನೆಲ್ಲ ಒಂದೊಂದಾಗಿ ತಿದ್ದಿಸಿದಳು. ಪ್ರತಿ ಮನೆಗೂ ಹೋಗಿ, ಅವರವರ ದನಿಯಲ್ಲೇ, ಹೆಸರಿನ ಮುಂದೆ ಒಂದು ಮಾತು ಸೇರಿಸಿದಳು: ಡಬ್ಬಿ ಖಾಲಿ ಇದ್ದರೆ ಮುಂದೆ ಹೋಗಬೇಡ, ನಿಲ್ಲು, ಕೇಳು. ಚಿಪ್ಪನಿಗೆ ಇಂಥದೂ ಬರುತ್ತದೆ. ಹೇಳಿದರೆ ಮಾತ್ರ. ಅವನ ಮೇಲೆ ನನಗೆ ಗೌರವ ಇರುವುದು ಅದಕ್ಕೇ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ನಟಿಸಿ ಕಿಂಡಿ ಮುಚ್ಚುವುದಿಲ್ಲ. ಬೇಕಾದ್ದನ್ನು ಬಾಯಿಬಿಟ್ಟು ಹೇಳುವ ಕಷ್ಟ ನಮ್ಮದು.

ಕೊನೆಗೆ ನನ್ನ ಮನೆಗೆ ಬಂದಳು. ಬಟ್ಟಲಿನ ಚಹಾ ಆರಿದ ಮೇಲೆ ಹೇಳಿದಳು:

“ಅಕ್ಕಾ, ಖಾಲಿ ಡಬ್ಬಿಗೆ ಇನ್ನೊಂದು ರೀತಿ ಐತಿ. ‘ಖಾಲಿ ಇದ್ರ ಇದನ್ನ ತಗೋ’ ಅಂತ ಮೊದಲ ಹೇಳಿ ಇಡಬಹುದು. ಡಬ್ಬಿ ಖಾಲಿನೇ ಇರತೈತಿ. ಅದನ್ನ ಯಾರೂ ಮುಟ್ಟಂಗಿಲ್ಲ. ಕೇಳಿದಾಗ ಮಾತ್ರ ಬ್ಯಾರೆ ಬೆಲಿ ಬರತೈತಿ. ನೀವು ಹ್ಞೂಂ ಅಂದ್ರ...”

“ನನ್ನ ಡಬ್ಬಿ ಉಸಾಬರಿ ನಿನಗ್ಯಾಕ?” ಎಂದೆ. ಸ್ವಲ್ಪ ಒರಟಾಗಿಯೇ ಎಂದೆ. ಅವಳು ಎದ್ದು ಹೋಗಲಿಲ್ಲ. ಕೊನೆಗೆ, “ಏನರೆ ಮಾಡಿಕೋ,” ಎಂದು ಪಾತ್ರೆ ತೊಳೆಯಲು ಒಳಗೆ ಹೋದೆ. ಅವಳು ಹೇಳಿಕೊಟ್ಟ ಸಾಲನ್ನು ಒಳಗಿನಿಂದಲೇ ಚಿಪ್ಪನಿಗೆ ಒಪ್ಪಿಸಿದೆ, ಅರ್ಥಕ್ಕೆ ಮನಸ್ಸು ಕೊಡದೆ. ಆಮೇಲೆ ಮರೆತೂಬಿಟ್ಟೆ.

ಮೊನ್ನೆ ಸಂಜೆ ಪಾಳಿ ಮುಗಿಸಿ ಬಂದು, ದೀಪ ಹಚ್ಚಿಸಿ, ಕಾಲು ಚಾಚಿ ಕೂತೆ. ಹಾಳು ರೂಢಿ. ಬಾಯಿ ತಪ್ಪಿತು.

“ಚಿಪ್ಪ, ನಮ್ಮವರು ಎಲ್ಲದಾರ?”

ಎಂದಿನಂತೆ ನಾನು ‘ಆಯಿತು’ ಎಂಬ ಮಾತಿಗೆ ಮನಸ್ಸು ಗಟ್ಟಿ ಮಾಡಿಕೊಂಡೆ.

“ಈರವ್ವ, ದೇವರ ಜಗಲಿಯ ಮುಂದೆ,” ಎಂದ ಚಿಪ್ಪ. “ಬಸಪ್ಪ, ಊಟದ ಮನೆಯಲ್ಲಿ. ಶಂಕ್ರವ್ವ, ನೀರಿನ ಟಾಕಿಯ ಹತ್ತಿರ. ಕೊಟ್ರಪ್ಪ, ಕಂಟ್ರೋಲ್ ರೂಮಿನಲ್ಲಿ...”

ಒಂದೊಂದೇ ಹೆಸರು, ಒಂದೊಂದೇ ಜಾಗ. ಯಾವುದನ್ನೂ ಬಿಡದೆ, ಯಾವುದಕ್ಕೂ ಅವಸರ ಮಾಡದೆ ಊರಿಗೆ ಊರನ್ನೇ ಹೇಳುತ್ತ ಹೋದ. ನಾನು ನಡುವೆ ತಡೆಯಲಿಲ್ಲ. ಸೆರಗು ಒದ್ದೆಯಾಗಿತ್ತು.

“ಮಹಾದೇವಿ, ಮನೆಯಲ್ಲಿ,” ಎಂದ. “ಸಂಗನಬಸಪ್ಪ, ಮನೆಯಲ್ಲಿ. ಆಯಿತು.”

ಅವತ್ತು ನಾನು ಹೊಟ್ಟೆ ತುಂಬ ಉಂಡೆ.